ಬಾಂಡೆಬೆರೆಹೊ: ರುವಾಂಡದ ತಂದೆಯರ ಗುಂಪುಗಳು ಮತ್ತು ಅವುಗಳ ಮೌಲ್ಯಮಾಪನ

ಬಾಂಡೆಬೆರೆಹೊ ಪೂರ್ವ ಆಫ್ರಿಕದ ರುವಾಂಡದಲ್ಲಿ ಎಳೆಯ ಮಕ್ಕಳ ತಂದೆಯರಿಗಾಗಿ ಮತ್ತು ಸದ್ಯದಲ್ಲೇ ತಂದೆಯಾಗಲಿರುವವರಿಗಾಗಿ ನಡೆಸಿದ ಗುಂಪು ಕಲಿಕೆಯ ಕಾರ್ಯಕ್ರಮ. ಕಿನ್ಯರುವಾಂಡ ಭಾಷೆಯಲ್ಲಿ ಈ ಹೆಸರಿಗೆ ಮಾದರಿಯಾಗಿ ನಡೆಯುವವರು ಎಂಬ ಅರ್ಥವಿದೆ. ಹೆಂಡತಿಯ ಬಸಿರು, ಬಾಣಂತನಗಳಲ್ಲಿ ಗಂಡ ಹೆಗಲು ಕೊಡಬೇಕು, ಮನೆಯೊಳಗಿನ ಹೊಡೆತ ಬಡಿತ ನಿಲ್ಲಬೇಕು ಎಂಬ ಎರಡು ಗುರಿಗಳನ್ನು ಅದು ಒಟ್ಟಿಗೆ ಇಟ್ಟುಕೊಂಡಿತ್ತು. ಲಿಂಗಾಧಾರಿತ ಹಿಂಸೆಯನ್ನು ತಡೆಯಲು ಗಂಡಸರನ್ನು ತೊಡಗಿಸಿಕೊಳ್ಳುವ ಕಾರ್ಯಕ್ರಮಗಳು ಹಲವು ದೇಶಗಳಲ್ಲಿವೆ. ಅವುಗಳ ನಡುವೆ ಬಾಂಡೆಬೆರೆಹೊ ಹೆಸರಾದದ್ದು ಅದನ್ನು ಒರೆಗೆ ಹಚ್ಚಿದ ರೀತಿಯಿಂದ. ಪಾಠ ಕಲಿತವರು ಗಂಡಂದಿರು. ಅವರು ಪಾಸೋ ಫೇಲೋ ಎಂದು ಹೇಳುವ ಅಧಿಕಾರ ಇದ್ದದ್ದು ಹೆಂಡತಿಯರಿಗೆ.

1994ರ ನರಮೇಧದ ನಂತರ ರುವಾಂಡ ತನ್ನ ಆಡಳಿತವನ್ನೂ ಕಾನೂನುಗಳನ್ನೂ ಹೊಸದಾಗಿ ಕಟ್ಟಿಕೊಂಡಿತು. 2003ರ ಸಂವಿಧಾನ ಅಧಿಕಾರ ಸ್ಥಾನಗಳಲ್ಲಿ ಕನಿಷ್ಠ ಶೇ. 30ರಷ್ಟು ಮಹಿಳೆಯರಿರಬೇಕು ಎಂದಿತು. 2008ರ ಚುನಾವಣೆಯಲ್ಲಿ ಸಂಸತ್ತಿನ ಕೆಳಮನೆಯಲ್ಲಿ ಮಹಿಳೆಯರೇ ಹೆಚ್ಚು ಸಂಖ್ಯೆಯಲ್ಲಿ ಗೆದ್ದರು. ಜಗತ್ತಿನಲ್ಲಿ ಎಲ್ಲೂ ಅದುವರೆಗೆ ಹಾಗಾಗಿರಲಿಲ್ಲ. ಅದೇ ವರ್ಷ ಲಿಂಗಾಧಾರಿತ ಹಿಂಸೆಯ ವಿರುದ್ಧ ಪ್ರತ್ಯೇಕ ಕಾನೂನು ಬಂತು. ಮದುವೆಯೊಳಗಿನ ಬಲಾತ್ಕಾರವನ್ನೂ ಅದು ಅಪರಾಧವೆಂದು ಎಣಿಸಿತು. ಇಷ್ಟಾದರೂ ಸಂಸತ್ತಿನಲ್ಲಿ ಆದ ಬದಲಾವಣೆ ಮನೆಯ ಹೊಸ್ತಿಲು ದಾಟಿ ಒಳಗೆ ಬರಲಿಲ್ಲ. ಗಂಡನಿಂದ ಪೆಟ್ಟು ತಿನ್ನುವ ಹೆಂಗಸರ ಸಂಖ್ಯೆ ದೊಡ್ಡದಾಗಿಯೇ ಉಳಿಯಿತು.

ಈ ಹಿನ್ನೆಲೆಯಲ್ಲಿ 2006ರಲ್ಲಿ ರುವಾಂಡ ಪುರುಷರ ಸಂಪನ್ಮೂಲ ಕೇಂದ್ರ ಹುಟ್ಟಿತು. ಗಂಡಸರೇ ಗಂಡಸರೊಂದಿಗೆ ಕೂತು ಹಿಂಸೆಯ ಬಗ್ಗೆ ಮಾತಾಡಬೇಕೆಂಬುದು ಅದರ ನಿಲುವು. ಅದರೊಂದಿಗೆ ಕೈಜೋಡಿಸಿದ್ದು ಬ್ರೆಜಿಲ್‌ನಲ್ಲಿ ಬೇರುಬಿಟ್ಟ ಪ್ರೊಮುಂಡೊ ಸಂಸ್ಥೆ. ರಿಯೊ ಡಿ ಜನೈರೊ ನಗರದ ಬಡ ಬಸ್ತಿಗಳ ಹುಡುಗರಿಗಾಗಿ ‘ಪ್ರೋಗ್ರಾಮ್ ಎಚ್’ ಎಂಬ ಪಾಠಕ್ರಮ, ಆಮೇಲೆ ತಂದೆಯರಿಗಾಗಿ ‘ಪ್ರೋಗ್ರಾಮ್ ಪಿ’ ಎಂಬ ಇನ್ನೊಂದು ಪಾಠಕ್ರಮ ರೂಪಿಸಿದ ಅನುಭವ ಅದಕ್ಕಿತ್ತು. ಈ ಎರಡನೆಯದನ್ನೇ ರುವಾಂಡದ ಬದುಕಿಗೆ ಹೊಂದಿಸಿ, 2013ರಿಂದ 2015ರವರೆಗೆ ಕರೋಂಗಿ, ಮುಸಾಂಜೆ, ನ್ಯಾರುಗುರು, ರ್ವಾಮಗಾನ ಎಂಬ ನಾಲ್ಕು ಜಿಲ್ಲೆಗಳಲ್ಲಿ ನಡೆಸಲಾಯಿತು. ಆರೋಗ್ಯ ಸಚಿವಾಲಯವೂ ಜೊತೆಗಿತ್ತು.

ಗುಂಪಿಗೆ ಸೇರಿದವರು 21ರಿಂದ 35ರ ವಯಸ್ಸಿನವರು. ಹೆಂಡತಿ ಬಸುರಿಯಾಗಿರಬೇಕು, ಇಲ್ಲವೇ ಐದು ವರ್ಷದೊಳಗಿನ ಮಗು ಇರಬೇಕು. ಒಟ್ಟು 15 ಬೈಠಕ್‌ಗಳು. ಅವುಗಳಲ್ಲಿ ಎಂಟಕ್ಕೆ ಹೆಂಡತಿಯರೂ ಬರುತ್ತಿದ್ದರು. ನಡೆಸಿಕೊಡುವವರು ಹೊರಗಿನ ಪಂಡಿತರಲ್ಲ, ತರಬೇತಿ ಪಡೆದ ಅದೇ ಊರಿನ ತಂದೆಯರು. ಬಸಿರಿಯ ತಪಾಸಣೆಗೆ ಗಂಡ ಜೊತೆಗೆ ಹೋಗುವುದು, ಮಕ್ಕಳ ನಡುವೆ ಅಂತರ, ಮನೆಯ ದುಡ್ಡು ಯಾರ ಕೈಯಲ್ಲಿರಬೇಕು, ಅಡುಗೆ ಮತ್ತು ಬಟ್ಟೆ ಒಗೆಯುವ ಕೆಲಸ, ಜಗಳ ಕೈಮಿಕ್ಕದಂತೆ ಮಾತಾಡುವ ಬಗೆ, ತನ್ನ ಅಪ್ಪ ತನ್ನನ್ನು ಹೇಗೆ ಬೆಳೆಸಿದ ಎಂಬ ನೆನಪು, ದೇಶದ ಕಾನೂನು – ಚರ್ಚೆ ಇವುಗಳ ಸುತ್ತ ಸಾಗುತ್ತಿತ್ತು. ‘ನೀನು ಹೊಡೆಯುವವನು’ ಎಂಬ ಆರೋಪದಿಂದ ಮಾತು ಶುರುವಾಗುತ್ತಿರಲಿಲ್ಲ. ‘ನೀನು ಎಂಥ ಅಪ್ಪನಾಗಬೇಕು’ ಎಂಬ ಪ್ರಶ್ನೆಯಿಂದ ಶುರುವಾಗುತ್ತಿತ್ತು. ಮೊದಲ ಮಗುವಿನ ನಿರೀಕ್ಷೆಯಲ್ಲಿರುವ ಗಂಡಸು ಬೇರೆ ಯಾವ ಕಾಲಕ್ಕಿಂತಲೂ ಹೆಚ್ಚು ಕಿವಿಗೊಡುತ್ತಾನೆ ಎಂಬುದು ಈ ಪಾಠಕ್ರಮ ಮಾಡಿದವರ ನಂಬಿಕೆ.

ನಂಬಿಕೆ ನಿಜವೋ ಅಲ್ಲವೋ ಎಂದು ತಿಳಿಯಲು ಪ್ರಯೋಗ ಬೇಕಾಯಿತು. 1,199 ದಂಪತಿಗಳನ್ನು ಆರಿಸಿ, ಚೀಟಿ ಎತ್ತಿದ ಹಾಗೆ ಯಾದೃಚ್ಛಿಕವಾಗಿ ಎರಡು ಪಾಲು ಮಾಡಲಾಯಿತು. 575 ದಂಪತಿಗಳು ಕಾರ್ಯಕ್ರಮಕ್ಕೆ ಸೇರಿದರು, ಉಳಿದ 624 ದಂಪತಿಗಳು ಹೋಲಿಕೆಯ ಗುಂಪಾದರು. 2015ರ ಆರಂಭದಲ್ಲಿ ಒಮ್ಮೆ, ಒಂಬತ್ತು ತಿಂಗಳ ಬಳಿಕ ಇನ್ನೊಮ್ಮೆ, 21 ತಿಂಗಳಾದ ಮೇಲೆ ಮತ್ತೊಮ್ಮೆ ಅವರನ್ನು ಮಾತಾಡಿಸಲಾಯಿತು. ಹೋಲಿಕೆಯ ಗುಂಪು ಇಲ್ಲದೆ ಇಂಥ ಕೆಲಸದ ಫಲ ಅಳೆಯಲಾಗದು. ಹೊಸ ಕಾನೂನು, ಪೊಲೀಸರ ಪ್ರಚಾರ, ರೇಡಿಯೊ ಕಾರ್ಯಕ್ರಮ ಎಲ್ಲವೂ ಒಂದೇ ಕಾಲಕ್ಕೆ ನಡೆಯುತ್ತಿದ್ದ ದೇಶದಲ್ಲಿ ಹಿಂಸೆ ಕಡಿಮೆಯಾದರೆ, ಅದು ಬೈಠಕ್‌ನ ಫಲವೋ ಕಾಲದ ಫಲವೋ ಎಂದು ಬೇರ್ಪಡಿಸುವುದಕ್ಕೆ ಇನ್ನೊಂದು ದಾರಿ ಇಲ್ಲ. ಎಷ್ಟೋ ಸಂಸ್ಥೆಗಳು ಶಿಬಿರದ ಮೊದಲ ದಿನ ಒಂದು ಪ್ರಶ್ನಾವಳಿ, ಕೊನೆಯ ದಿನ ಅದೇ ಪ್ರಶ್ನಾವಳಿ ತುಂಬಿಸಿ, ಏರಿದ ಅಂಕಗಳನ್ನು ವರದಿಯಲ್ಲಿ ಹಾಕಿ ಹಣ ಕೊಟ್ಟವರಿಗೆ ಕಳಿಸುತ್ತವೆ. ಅದರಿಂದ ತಿಳಿಯುವುದು ಒಂದೇ: ಯಾವ ಉತ್ತರ ಸರಿ ಎನ್ನುವುದು ಗಂಡಸರಿಗೆ ಗೊತ್ತಾಗಿದೆ.

ಯಾರನ್ನು ಕೇಳಬೇಕು ಎಂಬುದೇ ಈ ಕ್ಷೇತ್ರದ ಮೂಲ ಪ್ರಶ್ನೆ. ಇದಕ್ಕೆ ದಕ್ಷಿಣ ಆಫ್ರಿಕದಲ್ಲಿ ಕಣ್ತೆರೆಸುವ ಉದಾಹರಣೆ ಇದೆ. ಈಸ್ಟರ್ನ್ ಕೇಪ್ ಪ್ರಾಂತದ 70 ಹಳ್ಳಿಗಳಲ್ಲಿ ‘ಸ್ಟೆಪಿಂಗ್ ಸ್ಟೋನ್ಸ್’ ಎಂಬ ಎಚ್‌ಐವಿ ತಡೆ ಪಾಠಕ್ರಮವನ್ನು 15ರಿಂದ 26ರ ವಯಸ್ಸಿನ ಯುವಕ ಯುವತಿಯರ ನಡುವೆ ಪರೀಕ್ಷಿಸಿ, 2008ರಲ್ಲಿ ಫಲಿತಾಂಶ ಪ್ರಕಟಿಸಿದರು. ಎರಡು ವರ್ಷಗಳಾದ ಮೇಲೆ, ಪಾಠ ಕಲಿತ ಯುವಕರು ತಾವು ಸಂಗಾತಿಗೆ ಹೊಡೆಯುವುದು ಕಡಿಮೆಯಾಗಿದೆ ಎಂದರು. ಅದೇ ಪಾಠ ಕಲಿತ ಯುವತಿಯರ ಉತ್ತರಗಳಲ್ಲಿ ಮಾತ್ರ ಅಂಥ ಇಳಿಕೆ ಕಾಣಲಿಲ್ಲ. ಆ ಯುವತಿಯರು ಅದೇ ಯುವಕರ ಸಂಗಾತಿಗಳೇ ಆಗಿರಬೇಕೆಂದೇನೂ ಇರಲಿಲ್ಲವಾದ್ದರಿಂದ ಯುವಕರು ಸುಳ್ಳಾಡಿದರು ಎಂದು ತೀರ್ಮಾನಿಸಲಾಗದು. ಆದರೂ ಹೊಡೆದವರ ಲೆಕ್ಕ, ಹೊಡೆಸಿಕೊಂಡವರ ಲೆಕ್ಕ ಎರಡನ್ನೂ ನೋಡದೆ ಯಾವ ಕಾರ್ಯಕ್ರಮವೂ ಗೆದ್ದೆ ಎನ್ನಬಾರದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಸಿಗುವುದು ಕಷ್ಟ.

ಬಾಂಡೆಬೆರೆಹೊ ಈ ತೊಡಕನ್ನು ನೇರವಾಗಿ ಬಿಡಿಸಿತು. ದಂಪತಿಗಳೇ ಅಧ್ಯಯನದ ಘಟಕವಾದ್ದರಿಂದ, ಪಾಠ ಕಲಿತ ಗಂಡಸಿನ ಹೆಂಡತಿಯ ಉತ್ತರವೇ ಕೈಗೆ ಸಿಕ್ಕಿತು. ಹಿಂಸೆಯ ಲೆಕ್ಕವನ್ನು ಅವಳ ಮಾತಿನಿಂದ ತೆಗೆದರು. 21 ತಿಂಗಳ ಹೊತ್ತಿಗೆ, ಹಿಂದಿನ ಒಂದು ವರ್ಷದಲ್ಲಿ ಗಂಡ ಹೊಡೆದಿದ್ದ ಎಂದವರು ಹೋಲಿಕೆಯ ಗುಂಪಿನಲ್ಲಿ ಶೇ. 57, ಕಾರ್ಯಕ್ರಮದ ಗುಂಪಿನಲ್ಲಿ ಶೇ. 33. ಲೈಂಗಿಕ ಹಿಂಸೆ ಅನುಭವಿಸಿದೆ ಎಂದವರು ಅಲ್ಲಿ ಶೇ. 60, ಇಲ್ಲಿ ಶೇ. 35. ಬಸಿರಿಯ ತಪಾಸಣೆಗೆ ಗಂಡ ಜೊತೆಗೆ ಹೋಗುವುದು, ಗರ್ಭನಿರೋಧಕಗಳ ಬಳಕೆ, ಮಕ್ಕಳ ಆರೈಕೆಗೆ ಮತ್ತು ಮನೆಗೆಲಸಕ್ಕೆ ಗಂಡ ಕೊಡುವ ಸಮಯ ಹೆಚ್ಚಿದವು. ಮಕ್ಕಳಿಗೆ ಬೀಳುವ ಏಟು ಕಡಿಮೆಯಾಯಿತು. ಇದನ್ನು ಗಂಡ ಹೆಂಡತಿ ಇಬ್ಬರೂ ಹೇಳಿದರು. ಫಲಿತಾಂಶ 2018ರಲ್ಲಿ ‘ಪ್ಲೋಸ್ ಒನ್’ ಪತ್ರಿಕೆಯಲ್ಲಿ ಬಂತು.

ಈ ಅಂಕಿಗಳನ್ನು ಓದುವವರು ಸಂತೋಷಪಡುವ ಮೊದಲು ಶೇ. 33ರ ಮುಂದೆ ಒಂದು ಕ್ಷಣ ನಿಲ್ಲಬೇಕು. ವಾರ ವಾರ ಬೈಠಕ್‌ಗೆ ಬಂದವರ ಮನೆಗಳಲ್ಲೂ ಮೂವರಲ್ಲಿ ಒಬ್ಬಳು ಆ ವರ್ಷ ಪೆಟ್ಟು ತಿಂದಿದ್ದಳು.

ಹೆಂಡತಿಯನ್ನು ಕೇಳುವುದು ಎಂದರೆ ಬಾಗಿಲು ತಟ್ಟಿ ‘ನಿಮ್ಮ ಯಜಮಾನರು ಹೊಡೆಯುತ್ತಾರಾ’ ಎಂದು ವಿಚಾರಿಸುವುದಲ್ಲ. ವಿಶ್ವ ಆರೋಗ್ಯ ಸಂಸ್ಥೆ 2001ರಲ್ಲಿ ಪ್ರಕಟಿಸಿದ ಸುರಕ್ಷತೆಯ ಸೂಚನೆಗಳು ಇಂಥ ಎಲ್ಲ ಅಧ್ಯಯನಗಳಿಗೂ ಅಡಿಪಾಯ. ಮಾತುಕತೆ ಏಕಾಂತದಲ್ಲಿ ನಡೆಯಬೇಕು, ಯಾರಾದರೂ ಒಳಗೆ ಬಂದರೆ ಕೂಡಲೇ ವಿಷಯ ಬದಲಿಸಬೇಕು, ಸಂದರ್ಶನ ಮಾಡುವವರಿಗೆ ವಿಶೇಷ ತರಬೇತಿ ಇರಬೇಕು, ನೆರವು ಬೇಕಾದವಳಿಗೆ ಎಲ್ಲಿ ಹೋಗಬೇಕೆಂದು ಹೇಳುವ ಏರ್ಪಾಡು ಮೊದಲೇ ಆಗಿರಬೇಕು. ಹೊರಗೆ ಕೂತ ಗಂಡನಿಗೆ ಪ್ರಶ್ನೆಗಳ ಸುಳಿವು ಸಿಕ್ಕರೆ ಅಂದು ರಾತ್ರಿ ಏನಾದೀತು ಎಂಬ ಭಯ ಕಲ್ಪನೆಯದಲ್ಲ. ಪ್ರಶ್ನೆಗಳೂ ಹಾಗೆಯೇ. ‘ಹಿಂಸೆ’, ‘ದೌರ್ಜನ್ಯ’ ಎಂಬ ಮಾತುಗಳನ್ನು ಬಿಟ್ಟು, ಕೆನ್ನೆಗೆ ಹೊಡೆದನೇ, ತಳ್ಳಿದನೇ, ಮುಷ್ಟಿಯಿಂದ ಗುದ್ದಿದನೇ, ಒದ್ದನೇ, ಕತ್ತು ಹಿಸುಕಿದನೇ ಎಂದು ಒಂದೊಂದೇ ಕೃತ್ಯವನ್ನು ಕೇಳುತ್ತಾರೆ. ಗಂಡ ಕೈಮಾಡುವುದು ಸಂಸಾರದಲ್ಲಿ ಇದ್ದದ್ದೇ ಎಂದು ಬೆಳೆದವಳು ‘ಹಿಂಸೆ ಇಲ್ಲ’ ಎಂದೇ ಉತ್ತರಿಸಿಯಾಳು. ‘ಒದ್ದನೇ’ ಎಂದು ಕೇಳಿದರೆ ಹೌದೆಂದಾಳು.

ಇದರಲ್ಲೂ ಒಂದು ಬಿರುಕಿದೆ. ಹೆಂಡತಿಯೂ ಎಂಟು ಬೈಠಕ್‌ಗಳಿಗೆ ಬಂದವಳು. ಕಾರ್ಯಕ್ರಮದವರಿಗೆ ಯಾವ ಉತ್ತರ ಹಿತವಾಗುತ್ತದೆ ಎಂದು ಅವಳಿಗೂ ಗೊತ್ತು. ಔಷಧದ ಪ್ರಯೋಗದಂತೆ ಯಾರು ಯಾವ ಗುಂಪು ಎಂಬುದನ್ನು ಇಲ್ಲಿ ಮುಚ್ಚಿಡಲಾಗದು. ಇನ್ನೊಂದು ಕಡೆಯಿಂದ ಸೆಳೆತವೂ ಇದೆ. ಇಷ್ಟವಿಲ್ಲದ ಸಂಭೋಗವೂ ಬಲಾತ್ಕಾರವೇ ಎಂದು ಬೈಠಕ್‌ನಲ್ಲಿ ತಿಳಿದುಕೊಂಡವಳು ಮೊದಲಿಗಿಂತ ಹೆಚ್ಚು ಸಲ ‘ಹೌದು’ ಎನ್ನಬಹುದು. ಆಗ ನಿಜವಾದ ಇಳಿಕೆಯೂ ಅಂಕಿಗಳಲ್ಲಿ ಕಾಣದೆ ಹೋಗಬಹುದು.

ಮೆಚ್ಚಿಸುವ ಉತ್ತರಗಳ ಈ ಸಮಸ್ಯೆಯನ್ನು ಹರಿಯಾಣದ ಒಂದು ಅಧ್ಯಯನ ಜಾಣತನದಿಂದ ಎದುರಿಸಿತು. ಸೋನಿಪತ್, ಪಾಣಿಪತ್, ರೋಹ್ತಕ್, ಝಜ್ಜರ್ ಜಿಲ್ಲೆಗಳ 314 ಸರ್ಕಾರಿ ಶಾಲೆಗಳನ್ನು ಆರಿಸಿ, ಅವುಗಳಲ್ಲಿ ಒಂದು ಪಾಲಿನಲ್ಲಿ ಬ್ರೇಕ್‌ಥ್ರೂ ಸಂಸ್ಥೆ ಹುಡುಗ ಹುಡುಗಿಯರೊಂದಿಗೆ ಎರಡೂವರೆ ವರ್ಷ ಲಿಂಗ ಸಮಾನತೆಯ ತರಗತಿ ನಡೆಸಿತು. ದಿವಾ ಧರ್, ತರುಣ್ ಜೈನ್, ಸೀಮಾ ಜಯಚಂದ್ರನ್ ಅದರ ಮೌಲ್ಯಮಾಪನ ಮಾಡಿದರು. ಯಾರಿಗೆ ಇತರರ ಮೆಚ್ಚುಗೆ ಗಳಿಸುವ ಚಪಲ ಹೆಚ್ಚು ಎಂದು ಅಳೆಯುವ ಬೇರೆಯೇ ಪ್ರಶ್ನೆಗಳ ಗುಚ್ಛವನ್ನು ಅವರು ಮೊದಲೇ ಮಕ್ಕಳಿಗೆ ಕೊಟ್ಟಿದ್ದರು. ತರಗತಿಯ ಪರಿಣಾಮ ಅಂಥ ಮಕ್ಕಳಲ್ಲೇ ಎದ್ದು ಕಂಡಿದ್ದರೆ ಅನುಮಾನಪಡಬೇಕಿತ್ತು. ಹಾಗಾಗಲಿಲ್ಲ.

ಎಲ್ಲ ಪ್ರಯೋಗಗಳೂ ಗೆಲ್ಲುವುದಿಲ್ಲ. ಸೋತವುಗಳಿಗೆ ಸಿಗಬೇಕಾದ ಗಮನ ಸಿಗುತ್ತಿಲ್ಲ. ಜೋಹಾನ್ಸ್‌ಬರ್ಗ್ ಪಕ್ಕದ ಡೀಪ್‌ಸ್ಲೂಟ್ ಬಡಾವಣೆಯಲ್ಲಿ ಸೋಂಕೆ ಜೆಂಡರ್ ಜಸ್ಟಿಸ್ ಸಂಸ್ಥೆ ಗಂಡಸರ ನಡುವೆ ಕಾರ್ಯಾಗಾರ, ಬೀದಿ ಪ್ರಚಾರ ನಡೆಸಿತು. 18 ಪ್ರದೇಶಗಳ 2,406 ಗಂಡಸರನ್ನು ಹಿಂಬಾಲಿಸಿದ ಅಧ್ಯಯನದಲ್ಲಿ, ಸಂಗಾತಿಯ ಮೇಲೆ ಕೈಮಾಡುವುದರಲ್ಲಿ ಒಟ್ಟಾರೆ ವ್ಯತ್ಯಾಸ ಕಾಣಲಿಲ್ಲ. ಕೆಲಸ ಇಲ್ಲದ, ಬಾಲ್ಯದಿಂದಲೇ ಹೊಡೆತ ಕಂಡ, ಸುತ್ತಲೂ ಹಿಂಸೆಯೇ ತುಂಬಿದ ಜಾಗದಲ್ಲಿ ಕೆಲವು ದಿನಗಳ ಕಾರ್ಯಾಗಾರದಿಂದ ಎಷ್ಟು ನಿರೀಕ್ಷಿಸಬಹುದು ಎಂಬ ಪ್ರಶ್ನೆಯನ್ನು ಅದು ಎತ್ತಿತು. ರುವಾಂಡದಲ್ಲೇ ನಡೆದ ‘ಇಂದಾಶ್ಯಿಕಿರ್ವ’ ಎಂಬ ಇನ್ನೊಂದು ಕಾರ್ಯಕ್ರಮದಲ್ಲಿ ತಿಂಗಳುಗಟ್ಟಲೆ ಪಾಠ ಕಲಿತ ದಂಪತಿಗಳ ನಡುವೆ ಹಿಂಸೆ ಸ್ಪಷ್ಟವಾಗಿ ಇಳಿಯಿತು. ಅದೇ ಕಾರ್ಯಕ್ರಮದ ಊರೊಟ್ಟಿನ ಪ್ರಚಾರದಿಂದ ಊರಿನ ಉಳಿದ ಮನೆಗಳಲ್ಲಿ ಇಳಿಕೆ ಸಾಬೀತಾಗಲಿಲ್ಲ.

ಕರ್ನಾಟಕದಲ್ಲೂ ಇಂಥ ಒಂದು ಪರೀಕ್ಷೆ ನಡೆದಿದೆ. ಬಾಗಲಕೋಟೆ ಜಿಲ್ಲೆಯ 47 ಹಳ್ಳಿಗಳಲ್ಲಿ ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್ ನಡೆಸಿದ ‘ಸಂವೇದನಾ ಪ್ಲಸ್’ ಲೈಂಗಿಕ ವೃತ್ತಿಯಲ್ಲಿರುವ ಮಹಿಳೆಯರನ್ನೂ ಅವರ ಆಪ್ತ ಸಂಗಾತಿಗಳಾದ ಗಂಡಸರನ್ನೂ ಒಳಗೊಂಡಿತ್ತು. ಗಿರಾಕಿಯಲ್ಲ, ಮನೆಯವನಂತೆ ಇರುವ ಗಂಡಸಿನ ಕೈಯಿಂದ ಬೀಳುವ ಪೆಟ್ಟನ್ನು ತಡೆಯುವುದು ಗುರಿ. ತೀವ್ರ ಹಿಂಸೆ ಇಳಿಯಿತು ಎನ್ನಲು ಆಧಾರ ಸಿಗಲಿಲ್ಲ. ಆದರೆ ಪೆಟ್ಟು ತಿನ್ನುವುದು ಸಹಜ ಎಂಬ ಮಹಿಳೆಯರ ಒಪ್ಪಿಗೆ ಸಡಿಲವಾಯಿತು. ಇದನ್ನು ಅರ್ಧ ಗೆಲುವು ಎಂದು ಅಲಂಕರಿಸುವುದಕ್ಕಿಂತ, ಹಿಂಸೆ ಇಳಿಯಲಿಲ್ಲ ಎಂದು ಪ್ರಕಟಿಸಿದ್ದನ್ನೇ ಗೌರವಿಸಬೇಕು. ಮುಂದಿನ ಕಾರ್ಯಕ್ರಮ ರೂಪಿಸುವವರಿಗೆ ಬೇಕಾದದ್ದು ಆ ಮಾಹಿತಿಯೇ.

ಬಾಂಡೆಬೆರೆಹೊದ ದಂಪತಿಗಳನ್ನು ಆರು ವರ್ಷಗಳ ನಂತರ ಮತ್ತೆ ಹುಡುಕಿ ಮಾತಾಡಿಸಿ, 2023ರಲ್ಲಿ ಫಲಿತಾಂಶ ಪ್ರಕಟಿಸಿದರು. ಕಾರ್ಯಕ್ರಮದ ಗುಂಪಿನ ಹೆಂಗಸರು ಹೋಲಿಕೆಯ ಗುಂಪಿನವರಿಗಿಂತ ಆಗಲೂ ಕಡಿಮೆ ಹಿಂಸೆ ಅನುಭವಿಸುತ್ತಿದ್ದರು. ಬೈಠಕ್‌ನವರನ್ನು ಮೆಚ್ಚಿಸುವ ಉತ್ತರ ಆರು ವರ್ಷ ಬಾಳಲಾರದು ಎಂಬ ಕಾರಣಕ್ಕೆ, ಮೊದಲಿನ ಅಂಕಿಗಳಿಗಿಂತ ಈ ಅಂಕಿಗಳಿಗೆ ತೂಕ ಹೆಚ್ಚು. ಲಿಂಗಾಧಾರಿತ ಹಿಂಸೆಯ ಅಧ್ಯಯನಗಳಲ್ಲಿ ಇಷ್ಟು ದೀರ್ಘ ಕಾಲ ಹಿಂಬಾಲಿಸಿದವು ವಿರಳ.

ಈ ನಡುವೆ ಮುಸಾಂಜೆ ಜಿಲ್ಲೆಯಲ್ಲಿ ಕಾರ್ಯಕ್ರಮ ಸರ್ಕಾರದ ಆರೋಗ್ಯ ವ್ಯವಸ್ಥೆಯೊಳಗೆ ಸೇರಿತು. ನಮ್ಮ ಆಶಾ ಕಾರ್ಯಕರ್ತೆಯರನ್ನು ಹೋಲುವ ಸಮುದಾಯ ಆರೋಗ್ಯ ಕಾರ್ಯಕರ್ತರು ಈಗ ಬೈಠಕ್‌ಗಳನ್ನು ನಡೆಸುತ್ತಾರೆ. ಲಸಿಕೆ, ತೂಕ, ಮಲೇರಿಯಾ ಎಂದು ಮೊದಲೇ ಹೊರೆ ಹೊತ್ತವರಿಗೆ ಇದು ಇನ್ನೊಂದು ಕೆಲಸ. 15 ಬೈಠಕ್‌ಗಳೂ ನಡೆಯುತ್ತಿವೆಯೇ, ತರಬೇತಿ ಸಾಕಷ್ಟಿದೆಯೇ, ಗಂಡಸರು ಕೊನೆಯವರೆಗೆ ಬರುತ್ತಿದ್ದಾರೆಯೇ ಎಂದು ಹಾಜರಿ ಪುಸ್ತಕ ನೋಡಿ ತಿಳಿಯಬಹುದು. ಪೆಟ್ಟು ಬೀಳುವುದು ನಿಂತಿದೆಯೇ ಎಂದು ತಿಳಿಯಲು ಈ ಹೊಸ ಗುಂಪುಗಳ ಹೆಂಡತಿಯರನ್ನೂ ಏಕಾಂತದಲ್ಲಿ ಕೂರಿಸಿ, ಅವೇ ಪ್ರಶ್ನೆಗಳನ್ನು ಮೊದಲಿನಿಂದ ಕೇಳಬೇಕಾಗುತ್ತದೆ.