ಹಳೆ ಕಂಪ್ಯೂಟರ್‌ಗೆ ಕಾರ್ಡ್ ಮೂಲಕ ಹಾಕಿದ ಎಸ್‌ಎಸ್‌ಡಿ ಕಾಣುತ್ತಿಲ್ಲವೇ? ಫಾರ್ಮ್ಯಾಟ್ ಒತ್ತುವ ಮುನ್ನ ಇದನ್ನು ಓದಿ

‘ಹಳೆ ಡೆಸ್ಕ್‌ಟಾಪ್ ಎಸೆಯಬೇಡಿ. ಒಂದು ಕಾರ್ಡ್, ಒಂದು ಎಸ್‌ಎಸ್‌ಡಿ ಹಾಕಿ, ಹೊಸದರಂತೆ ಓಡುತ್ತದೆ’ ಎಂಬ ಸಲಹೆ ನಿಮಗೂ ಬಂದಿರಬಹುದು. ಇದು ಅರ್ಧ ನಿಜ. ಕಾರ್ಡ್ ಹಾಕಿದ ಮೇಲೆ ಡಿಸ್ಕ್ ಕಾಣದಿದ್ದರೆ ಅನೇಕರು ‘ಡಿಸ್ಕ್ ಕೆಟ್ಟಿದೆ’ ಎಂದುಕೊಳ್ಳುತ್ತಾರೆ, ಇಲ್ಲವೇ ಪರದೆ ಕೇಳಿದ್ದಕ್ಕೆಲ್ಲ ‘ಓಕೆ’ ಒತ್ತುತ್ತಾರೆ. ಎರಡನೆಯದು ಹೆಚ್ಚು ಅಪಾಯಕಾರಿ. ಡಿಸ್ಕ್ ಯಾವ ಹಂತದಲ್ಲಿ ಕಾಣದಾಗುತ್ತಿದೆ ಎಂದು ಒಂದೊಂದಾಗಿ ನೋಡೋಣ.

1. ಕಾರ್ಡ್ ಮತ್ತು ಡಿಸ್ಕ್ ಹೊಂದುತ್ತವೆಯೇ?

ಚೂಯಿಂಗ್ ಗಮ್ ಪಟ್ಟಿಯಂತೆ ಕಾಣುವ ಎಂ.2 ಎಸ್‌ಎಸ್‌ಡಿಗಳಲ್ಲಿ ಎರಡು ಬಗೆಗಳಿವೆ: ಸಾಟಾ ಮತ್ತು ಎನ್‌ವಿಎಂಇ. ನೋಡಲು ಹೆಚ್ಚು ಕಡಿಮೆ ಒಂದೇ, ಆದರೆ ಮಾತಾಡುವ ಭಾಷೆ ಬೇರೆ. ಎನ್‌ವಿಎಂಇಗೆ ಮಾಡಿದ ಕಾರ್ಡ್‌ನಲ್ಲಿ ಸಾಟಾ ಡಿಸ್ಕ್ ಕೂತರೂ ಕೆಲಸ ಮಾಡುವುದಿಲ್ಲ. ಎರಡೂ ಬಗೆಗೆ ಜಾಗವಿರುವ ಕಾರ್ಡ್‌ಗಳಲ್ಲೂ ಸಾಮಾನ್ಯವಾಗಿ ಸಾಟಾ ಭಾಗದಿಂದ ಮದರ್‌ಬೋರ್ಡ್‌ಗೆ ಪ್ರತ್ಯೇಕ ಕೇಬಲ್ ಹಾಕಬೇಕು. ಖರೀದಿಗೆ ಮುನ್ನ ಡಿಸ್ಕ್ ಮೇಲಿನ ಲೇಬಲ್ ಓದಿ.

2. ಸರಿಯಾದ ಸ್ಲಾಟ್‌ನಲ್ಲಿ ಕೂತಿದೆಯೇ?

ಕಂಪ್ಯೂಟರ್ ಆಫ್ ಮಾಡಿ, ಪವರ್ ಕೇಬಲ್ ಕಿತ್ತು, ಕಾರ್ಡನ್ನು ತೆಗೆದು ಮತ್ತೆ ಕೂರಿಸಿ. ಎನ್‌ವಿಎಂಇ ಕಾರ್ಡ್‌ಗೆ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟ್ ಬೇಕು. ಹಳೆ ಬೋರ್ಡ್‌ಗಳಲ್ಲಿರುವ ಸಾಮಾನ್ಯ ಪಿಸಿಐ ಸ್ಲಾಟ್‌ಗೆ ಇದು ಹೊಂದುವುದಿಲ್ಲ. ಗ್ರಾಫಿಕ್ಸ್ ಕಾರ್ಡ್ ಹಾಕುವ ಉದ್ದದ ಸ್ಲಾಟ್ ಖಾಲಿಯಿದ್ದರೆ ಅಲ್ಲಿ ಹಾಕಿ ನೋಡಿ.

3. ಬಯಾಸ್‌ನಲ್ಲಿ ಕಾಣದಿದ್ದರೆ ಡಿಸ್ಕ್ ಕೆಟ್ಟಿದೆಯೇ?

ಹಾಗೆಂದೇನಿಲ್ಲ. ಅನೇಕ ಹಳೆ ಬೋರ್ಡ್‌ಗಳ ಬಯಾಸ್‌ಗೆ ಎನ್‌ವಿಎಂಇ ಎಂದರೇನೆಂದೇ ಗೊತ್ತಿಲ್ಲ. ಆದ್ದರಿಂದ ಬೂಟ್ ಪಟ್ಟಿಯಲ್ಲಿ ಅದು ಬರುವುದಿಲ್ಲ, ಅದರಿಂದ ವಿಂಡೋಸ್ ಶುರುವಾಗುವುದೂ ಇಲ್ಲ. ಆದರೆ ಬೇರೆ ಡಿಸ್ಕ್‌ನಿಂದ ವಿಂಡೋಸ್ ಶುರುವಾದ ಮೇಲೆ ಅದೇ ಎಸ್‌ಎಸ್‌ಡಿ ಫೈಲ್ ಇಡಲು ಚೆನ್ನಾಗಿಯೇ ಕೆಲಸ ಮಾಡಬಹುದು. ವಿಂಡೋಸ್ 8.1, 10 ಮತ್ತು 11ರಲ್ಲಿ ಇದಕ್ಕೆ ಬೇಕಾದ ಡ್ರೈವರ್ ಮೊದಲೇ ಇರುತ್ತದೆ. ವಿಂಡೋಸ್ 7ರಲ್ಲಿ ಇರುವುದಿಲ್ಲ, ಬೇರೆಯಾಗಿ ಹಾಕಬೇಕು.

4. ‘ದಿಸ್ ಪಿಸಿ’ಯಲ್ಲಿ ಮಾತ್ರ ಕಾಣುತ್ತಿಲ್ಲವೇ?

ಸ್ಟಾರ್ಟ್ ಬಟನ್ ಮೇಲೆ ಮೌಸ್‌ನ ಬಲಗುಂಡಿ ಒತ್ತಿ ‘ಡಿಸ್ಕ್ ಮ್ಯಾನೇಜ್‌ಮೆಂಟ್’ ತೆರೆಯಿರಿ. ಹೊಚ್ಚ ಹೊಸ ಡಿಸ್ಕ್ ಇಲ್ಲಿ ‘ನಾಟ್ ಇನಿಷಿಯಲೈಸ್ಡ್’ ಎಂದು ತೋರಿಸುವುದು ಸಹಜ. ಇನಿಷಿಯಲೈಸ್ ಮಾಡಿ, ವಾಲ್ಯೂಮ್ ರಚಿಸಿದರೆ ಡ್ರೈವ್ ಅಕ್ಷರ ಬರುತ್ತದೆ. ಅಲ್ಲಿ ಜಿಪಿಟಿ ಅಥವಾ ಎಂಬಿಆರ್ ಎಂದು ಕೇಳುತ್ತದೆ. ಸಾಮಾನ್ಯ ಡಿಸ್ಕ್‌ಗಳಲ್ಲಿ ಎಂಬಿಆರ್ ಸುಮಾರು 2 ಟಿಬಿವರೆಗೆ ಮಾತ್ರ ಲೆಕ್ಕ ಹಾಕಬಲ್ಲದು. 4 ಟಿಬಿ ಡಿಸ್ಕ್‌ನಲ್ಲಿ ಅರ್ಧ ಜಾಗ ‘ಮಾಯ’ವಾಗಲು ಇದೇ ಕಾರಣ, ಡಿಸ್ಕ್ ನಕಲಿ ಎಂದೇನಲ್ಲ.

ಎಚ್ಚರಿಕೆ: ಹಳೆ ಫೋಟೋಗಳಿರುವ ಡಿಸ್ಕ್ ಆದರೆ

ಮೊದಲೇ ಬಳಸಿದ ಡಿಸ್ಕನ್ನು ಹೊಸ ಕಾರ್ಡ್‌ಗೆ ಹಾಕಿದಾಗ ‘ಇನಿಷಿಯಲೈಸ್ ಮಾಡಿ’ ಅಥವಾ ‘ಫಾರ್ಮ್ಯಾಟ್ ಮಾಡಿ’ ಎಂಬ ಸಂದೇಶ ಬಂದರೆ ಒತ್ತಬೇಡಿ, ‘ಕ್ಯಾನ್ಸಲ್’ ಮಾಡಿ. ಮಾಹಿತಿ ಹಾಗೆಯೇ ಇರಬಹುದು, ಕಂಪ್ಯೂಟರ್‌ಗೆ ಓದಲು ಬರುತ್ತಿಲ್ಲ ಅಷ್ಟೆ. ಕೆಲವು ಯುಎಸ್‌ಬಿ ಡಬ್ಬಿಗಳು ಡಿಸ್ಕ್‌ನ ಸೆಕ್ಟರ್ ಅಳತೆಯನ್ನು ಬದಲಿಸಿ ತೋರಿಸುತ್ತವೆ. ಅದೇ ಡಿಸ್ಕನ್ನು ನೇರ ಕಾರ್ಡ್‌ಗೆ ಹಾಕಿದರೆ ಒಳಗಿನ ವಿಭಾಗಗಳ ಲೆಕ್ಕ ತಪ್ಪುತ್ತದೆ. ರೇಡ್ ಕಾರ್ಡ್‌ನಿಂದ ತೆಗೆದ ಡಿಸ್ಕ್‌ಗೂ ಹೀಗಾಗಬಹುದು. ಮೊದಲು ಹಳೆಯ ಡಬ್ಬಿಗೆ ಅಥವಾ ಹಳೆಯ ಕಾರ್ಡ್‌ಗೇ ಮರಳಿ ಹಾಕಿ, ಫೈಲ್‌ಗಳು ಕಂಡರೆ ಬೇರೆಡೆ ನಕಲು ಮಾಡಿಕೊಳ್ಳಿ. ಅಲ್ಲೂ ಕಾಣದಿದ್ದರೆ ಡಿಸ್ಕ್‌ಗೆ ಏನನ್ನೂ ಬರೆಯದೆ ಡೇಟಾ ರಿಕವರಿ ತಿಳಿದವರಿಗೆ ತೋರಿಸಿ.

ಡಬ್ಬದ ಮೇಲಿನ ವೇಗ ಸಿಗುತ್ತದೆಯೇ?

ಹಳೆ ಕಂಪ್ಯೂಟರ್‌ನಲ್ಲಿ ಸಾಮಾನ್ಯವಾಗಿ ಇಲ್ಲ. ಪಿಸಿಐ ಎಕ್ಸ್‌ಪ್ರೆಸ್ 2.0ರ ಒಂದು ಲೇನ್ ಸೆಕೆಂಡಿಗೆ ಹೆಚ್ಚೆಂದರೆ 500 ಎಂಬಿ ಸಾಗಿಸುತ್ತದೆ, ನಾಲ್ಕು ಲೇನ್ ಸೇರಿದರೆ 2,000 ಎಂಬಿ. ಹಾಗಾಗಿ 3,500 ಎಂಬಿ ಎಂದು ಬರೆದಿರುವ ಎಸ್‌ಎಸ್‌ಡಿಯೂ ಅಲ್ಲಿ ಅಷ್ಟು ಓಡದು. ಸಾಟಾ ಎಸ್‌ಎಸ್‌ಡಿ ಸುಮಾರು 550 ಎಂಬಿ ಕೊಡುತ್ತದೆ. ತಿರುಗುವ ಹಾರ್ಡ್ ಡಿಸ್ಕ್‌ನಿಂದ ಇದಕ್ಕೆ ಬದಲಾದರೂ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ, ವಿಂಡೋಸ್ ಶುರುಮಾಡಲೂ ತೊಡಕಿಲ್ಲ.

ನಾವು ಹೇಳುವುದಿಷ್ಟು: ಹಳೆ ಕಂಪ್ಯೂಟರ್‌ಗೆ ಸಾಧಾರಣ ಸಾಟಾ ಎಸ್‌ಎಸ್‌ಡಿಯೇ ಸುಲಭದ ದಾರಿ. ಕಾರ್ಡ್ ಹಾಕುವುದಾದರೆ ಮೊದಲು ಬ್ಯಾಕಪ್ ಮಾಡಿ. ಡಿಸ್ಕ್ ಕಾಣದಿದ್ದರೆ ಮೇಲಿನ ನಾಲ್ಕು ಹಂತ ನೋಡಿದ ಮೇಲಷ್ಟೇ ಅದು ಕೆಟ್ಟಿದೆಯೇ ಎಂದು ತೀರ್ಮಾನಿಸಿ. ಆ ಸಲಹೆಯನ್ನು ಫಾರ್ವರ್ಡ್ ಮಾಡುವವರು ಈ ಎಚ್ಚರಿಕೆಯನ್ನೂ ಜೊತೆಗೆ ಕಳಿಸಿ.