ಮೀನೆಣ್ಣೆಯೂ ತರಂಗಾಂತರದ ಆಯ್ಕೆಯೂ

ಬಣ್ಣದ ದ್ರಾವಣವೊಂದನ್ನು ಹಾದು ಬರುವ ಬೆಳಕು ಎಷ್ಟು ಕುಂದಿತೆಂಬುದರಿಂದ ಅದರಲ್ಲಿ ಕರಗಿರುವ ವಸ್ತುವಿನ ಪರಿಮಾಣವನ್ನು ಅರಿಯಬಹುದೆಂಬ ನಿಯಮಕ್ಕೆ 1852ರಲ್ಲಿ ಲೇಖನ ಬರೆದ ಜರ್ಮನಿಯ ಆಗಸ್ಟ್ ಬೇರ್ ಎಂಬಾತನ ಹೆಸರು ಅಂಟಿಕೊಂಡಿದೆಯಾದರೂ, ಆ ಲೇಖನದ ಶೀರ್ಷಿಕೆಯಲ್ಲಿಯೇ ಇರುವ ಒಂದು ನಿರ್ಬಂಧವನ್ನು ನಾವು ಮರೆಯುತ್ತೇವೆ: ಆತನು ಅಳೆದುದು ಕೆಂಪು ಬೆಳಕಿನ ಹೀರುವಿಕೆಯನ್ನು. ಬಿಳಿಯ ಬೆಳಕಿನಲ್ಲಿ ಎಲ್ಲ ವರ್ಣಗಳೂ ಬೆರೆತಿರುವುದರಿಂದಲೂ, ಒಂದೊಂದು ವರ್ಣವೂ ಒಂದೊಂದು ಪ್ರಮಾಣದಲ್ಲಿ ಹೀರಲ್ಪಡುವುದರಿಂದಲೂ, ಏಕವರ್ಣದ ಬೆಳಕನ್ನು ಆರಿಸಿಕೊಂಡಲ್ಲದೆ ಆ ನಿಯಮವು ನೆಟ್ಟಗೆ ನಿಲ್ಲದು. 1873ರಲ್ಲಿ ಟ್ಯೂಬಿಂಗನ್ನಿನ ಶರೀರವಿಜ್ಞಾನಿ ಕಾರ್ಲ್ ಫೀರೋರ್ಟ್ ರೋಹಿತದರ್ಶಕದ ಸೀಳುಗಂಡಿಯನ್ನು ಎರಡು ಪಾಲು ಮಾಡಿ, ರೋಹಿತದ ಕಿರಿದಾದೊಂದು ಭಾಗವನ್ನಷ್ಟೇ ಕಣ್ಣಳತೆಯಿಂದ ಹೋಲಿಸುವ ಮಾರ್ಗವನ್ನು ತೋರಿದ ಮೇಲೆ, ಯಾವ ಭಾಗವನ್ನು ಆರಿಸಬೇಕೆಂಬುದು ವಿಶ್ಲೇಷಕನ ನಿತ್ಯದ ಪ್ರಶ್ನೆಯಾಯಿತು.

ಹೀರುವಿಕೆಯು ಪರಮಾವಧಿಯನ್ನು ಮುಟ್ಟುವಲ್ಲಿಯೇ ಅಳೆಯಬೇಕೆಂಬುದು ಅದಕ್ಕೆ ರೂಢಿಯ ಉತ್ತರ. ಅಲ್ಲಿ ಅಲ್ಪ ವಸ್ತುವೂ ಸ್ಪಷ್ಟವಾಗಿ ಕಾಣುವುದಷ್ಟೇ ಅಲ್ಲ. ಗುಡ್ಡದ ನೆತ್ತಿಯ ಮೇಲೆ ಒಂದು ಹೆಜ್ಜೆ ಅತ್ತಿತ್ತ ಸರಿದರೆ ಎತ್ತರವು ಹೇಗೆ ಬದಲಾಗದೋ ಹಾಗೆ, ಉಪಕರಣದ ಮುಳ್ಳು ಕೊಂಚ ತಪ್ಪಿದರೂ ಅಳತೆಯು ಕೆಡದು. ನೇರಳೆ ಬಣ್ಣದ ಪೊಟ್ಯಾಸಿಯಮ್ ಪರ್ಮಾಂಗನೇಟನ್ನು ಅದು ಗಾಢವಾಗಿ ಹೀರುವ ಹಸುರು ಬೆಳಕಿನಲ್ಲಿ, 525 ನ್ಯಾನೋಮೀಟರಿನ ಬಳಿ, ಅಳೆಯುವುದು ಇದರಿಂದಲೇ.

ಆದರೆ ಶಿಖರವೊಂದೇ ಸಾಲದೆಂಬುದನ್ನು ಲೋಕಕ್ಕೆ ಕಲಿಸಿದ್ದು ಮೀನಿನ ಯಕೃತ್ತಿನ ಎಣ್ಣೆ. ಅದರಲ್ಲಿನ ಎ ಜೀವಸತ್ತ್ವವನ್ನು ತಿಳಿಯಲು ಮೊದಲು ಇಲಿಗಳಿಗೆ ವಾರಗಟ್ಟಲೆ ಉಣಿಸಿ ಅವುಗಳ ಬೆಳವಣಿಗೆಯನ್ನು ನೋಡುತ್ತಿದ್ದರು. 1926ರಲ್ಲಿ ಕಾರ್ ಮತ್ತು ಪ್ರೈಸ್ ಎಂಬವರು ಆಂಟಿಮನಿ ಟ್ರೈಕ್ಲೋರೈಡ್ ಬೆರೆಸಿ ನೀಲಿಬಣ್ಣ ಬರಿಸುವ ವಿಧಾನವನ್ನು ಪ್ರಕಟಿಸಿದರು. ಆ ನೀಲಿಯನ್ನು 620 ನ್ಯಾನೋಮೀಟರಿನ ಬಳಿ ಓದಬಹುದಾಗಿದ್ದರೂ ಅದು ಕ್ಷಣಮಾತ್ರದಲ್ಲಿ ಮಾಸುತ್ತಿತ್ತು. 1928ರಲ್ಲಿ ಲಿವರ್‌ಪೂಲಿನ ಮಾರ್ಟನ್ ಮತ್ತು ಹೈಲ್ಬ್ರಾನ್ ಈ ಜೀವಸತ್ತ್ವವು ಅತಿನೇರಳೆಯಲ್ಲಿ 328ರ ಬಳಿ ಬೆಳಕನ್ನು ಹೀರುವುದೆಂದು ತೋರಿದರು. ಸಾಮಾನ್ಯ ಗಾಜು ಅತಿನೇರಳೆಯನ್ನು ತಡೆಯುವುದರಿಂದ ಆ ಕಾರ್ಯಕ್ಕೆ ಸ್ಫಟಿಕದ ಅಶ್ರಗವೂ ಛಾಯಾಫಲಕಗಳೂ ಬೇಕಾಗಿ, ಒಂದು ಮಾದರಿಗೆ ಬಹಳ ಶ್ರಮ ಹಿಡಿಯುತ್ತಿತ್ತು. ಅಷ್ಟರಲ್ಲಿ ಯುದ್ಧ ಬಂದಿತು. 1940ರಲ್ಲಿ ನಾರ್ವೆ ಜರ್ಮನರ ವಶವಾಗಿ ಕಾಡ್ ಮೀನಿನ ಎಣ್ಣೆಯ ಸರಬರಾಜು ನಿಂತುಹೋಯಿತು. ಕ್ಯಾಲಿಫೋರ್ನಿಯದ ಬೆಸ್ತರು ಯಕೃತ್ತಿನ ಎಣ್ಣೆಗಾಗಿ ಆಗಲೇ ಶಾರ್ಕ್‌ಗಳ ಬೆನ್ನುಹತ್ತಿದ್ದರು. ಅದೇ ಪ್ರಾಂತದ ಸೌತ್ ಪಸಡೀನದಲ್ಲಿ 1941ರಲ್ಲಿ ಆರ್ನಾಲ್ಡ್ ಬೆಕ್‌ಮನ್ ಮತ್ತು ಹವರ್ಡ್ ಕ್ಯಾರಿ ಹೊರತಂದ ಡಿಯು ಎಂಬ ಸ್ಪೆಕ್ಟ್ರೊಫೋಟೊಮೀಟರಿನಿಂದ ಅದೇ ಅಳತೆಯು ನಿಮಿಷಗಳಲ್ಲಿ ಮುಗಿಯತೊಡಗಿತು.

ಆಗ ಕಾಣಿಸಿಕೊಂಡಿತು ನಿಜವಾದ ತೊಡಕು. ಎಣ್ಣೆಯಲ್ಲಿನ ಇತರ ಪದಾರ್ಥಗಳೂ 328ರಲ್ಲಿ ಬೆಳಕನ್ನು ಹೀರುತ್ತಿದ್ದುದರಿಂದ, ಕಳಪೆ ಎಣ್ಣೆಗೂ ಒಳ್ಳೆಯ ಬೆಲೆ ದೊರೆಯುವ ಸಂಭವವಿತ್ತು! ಇದಕ್ಕೆ 1946ರಲ್ಲಿ ಮಾರ್ಟನ್ ಮತ್ತು ಸ್ಟಬ್ಸ್ ಸೂಚಿಸಿದ ಪರಿಹಾರವು ಸರಳವೂ ಸೊಗಸೂ ಆದುದು: ಶಿಖರದಲ್ಲೊಮ್ಮೆ, ಶುದ್ಧ ಜೀವಸತ್ತ್ವದ ಹೀರುವಿಕೆಯು ಶಿಖರದ ಏಳರಲ್ಲಿ ಆರು ಪಾಲಿಗೆ ಇಳಿಯುವ ಎಡಬಲಗಳಲ್ಲಿ ಒಂದೊಂದು ಸಲ, ಹೀಗೆ ಮೂರು ಕಡೆ ಓದಿ, ಕಲ್ಮಷದ ಪಾಲನ್ನು ಲೆಕ್ಕದಿಂದ ಕಳೆಯುವುದು. ಕಲ್ಮಷದ ಹೀರುವಿಕೆಯು ಆ ಎಡೆಯಲ್ಲಿ ಸರಳರೇಖೆಯಾಗಿರುವುದೆಂಬ ಊಹೆಯ ಮೇಲೆ ಇಡೀ ಲೆಕ್ಕವು ನಿಂತಿದೆ. ರೇಖೆ ಬಾಗಿದರೆ ತಿದ್ದುಪಡಿಯೇ ದಾರಿ ತಪ್ಪಿಸೀತು. ಆದುದರಿಂದ ಎಣ್ಣೆಯನ್ನು ಕ್ಷಾರದೊಡನೆ ಕಾಯಿಸಿ, ಸಾಬೂನಾಗದ ಭಾಗವನ್ನು ಬೇರ್ಪಡಿಸಿಕೊಂಡು ಅಳೆಯುವ ಎಚ್ಚರಿಕೆಯೂ ಬಳಕೆಗೆ ಬಂದಿತು. ಗಣಿತವು ಶುದ್ಧೀಕರಣಕ್ಕೆ ಬದಲಿಯಲ್ಲವೆಂದೇ ನನ್ನ ಅಭಿಪ್ರಾಯ. ಮೂರು ಓದುಗಳ ಆ ವಿಧಾನವು ಔಷಧಕೋಶಗಳಲ್ಲಿ ಸ್ಥಾನ ಪಡೆಯಿತು. ಇಂದು ಕ್ರೊಮಟಾಗ್ರಫಿಯು ಕಲ್ಮಷವನ್ನು ಮೊದಲೇ ಬೇರ್ಪಡಿಸಿಕೊಡುವುದರಿಂದ, 325ರ ಬಳಿಯ ಒಂದೇ ಓದು ಸಾಕಾಗುತ್ತದೆ.