ಕುಳಿಯಿಂದ ಹಿಂದಕ್ಕೆ

ಸಿದ್ದರಬೆಟ್ಟದ ಮೇಲೆ ನಿಂತು ಕೆಳಗೆ ನೋಡುವವನಿಗೆ ನೀರು ಯಾವ ಕಡೆ ಹರಿಯುತ್ತದೆಂದು ಯಾರೂ ಹೇಳಿಕೊಡಬೇಕಿಲ್ಲ. ಬೆಟ್ಟದಿಂದ ಹಳ್ಳಕ್ಕೆ, ಹಳ್ಳದಿಂದ ಕೆರೆಗೆ. ಕೊರಟಗೆರೆ, ಮಧುಗಿರಿ ಸೀಮೆಯ ರೈತ ಹೊಲದ ಇಳುಕಲನ್ನು ಪಾದದಲ್ಲೇ ತಿಳಿದಿರುತ್ತಾನೆ. ಕಣ್ಣಿಗೆ ಸಮನಾಗಿ ಕಂಡ ನೆಲವೂ ಅವನಿಗೆ ಸಮವಲ್ಲ. ಬದು ಎಲ್ಲಿ ಏರಿಸಬೇಕು, ಕೋಡಿ ಎಲ್ಲಿ ಬಿಡಬೇಕು ಎಂಬುದು ಮಳೆಗೆ ಮೊದಲೇ ತೀರ್ಮಾನವಾಗಿರುತ್ತದೆ. ಗಾಲ್ಫ್ ಪಂದ್ಯಕ್ಕೆ ಮೈದಾನವನ್ನು ಮುಂಚಿತವಾಗಿ ಓದಿ ಯೋಜನೆ ಹಾಕುವ ವಿದ್ಯೆ ಹೇಗೆ ಬೆಳೆಯಿತೆಂದು ತಿಳಿಯಹೊರಟ ನನಗೆ ಮೊದಲು ನೆನಪಾದದ್ದು ಈ ಕಣ್ಣು. ಹುಲ್ಲುಹಾಸಿನ ಮೈದಾನ ನೋಡಲು ನಮ್ಮ ಕಡೆಯವರು ಬೆಂಗಳೂರಿನ ದಿಕ್ಕಿಗೇ ಹೋಗಬೇಕು. ಆದರೆ ಅಲ್ಲಿ ಬೇಕಾದ ಮೂಲ ತಿಳಿವಳಿಕೆ ನಮ್ಮ ಹೊಲಗಳಲ್ಲೇ ಇದೆ.

ಆಟದ ಪರಿಚಯವಿಲ್ಲದವರಿಗೆ ಒಂದೆರಡು ಮಾತು. ದೊಡ್ಡ ಪಂದ್ಯವೆಂದರೆ ಸಾಮಾನ್ಯವಾಗಿ ನಾಲ್ಕು ದಿನ, ದಿನಕ್ಕೆ 18 ಹೋಲ್. ಟೀ ಎಂಬ ಜಾಗದಿಂದ ಹೊಡೆಯಲು ಶುರುಮಾಡಿ, ಗ್ರೀನ್ ಎಂಬ ಹುಲ್ಲುಹಾಸಿನ ಮೇಲಿನ ಕುಳಿಗೆ ಚೆಂಡು ಹಾಕಿದರೆ ಒಂದು ಹೋಲ್ ಮುಗಿದಂತೆ. ಎಲ್ಲರಿಗಿಂತ ಕಡಿಮೆ ಹೊಡೆತದಲ್ಲಿ ಮುಗಿಸಿದವರು ಗೆದ್ದಂತೆ. ಎದುರಾಳಿ ನಮ್ಮ ಚೆಂಡನ್ನು ಮುಟ್ಟುವುದಿಲ್ಲ. ನಮ್ಮನ್ನು ತಡೆಯುವುದು ನೆಲ, ನೀರು, ಮರ, ಮರಳಿನ ಬಂಕರ್, ಗಾಳಿ. ಹಾಗಾಗಿ ಪಂದ್ಯಕ್ಕೆ ಮುಂಚಿನ ಅಭ್ಯಾಸದ ದಿನಗಳಲ್ಲಿ ಒಂದೊಂದು ಹೋಲಿಗೂ ಪ್ರಶ್ನೆ ಹುಟ್ಟುತ್ತದೆ: ಮೊದಲ ಹೊಡೆತಕ್ಕೆ ದೊಡ್ಡ ಡ್ರೈವರ್ ಎತ್ತಬೇಕೇ, ಸಣ್ಣ ಕೋಲು ಸಾಕೇ? ಚೆಂಡು ತಪ್ಪುವುದೇ ಆದರೆ ಯಾವ ಕಡೆ ತಪ್ಪಿದರೆ ಬದುಕಬಹುದು?

ಬೆಂಗಳೂರು ಗಾಲ್ಫ್ ಕ್ಲಬ್ ಶುರುವಾದದ್ದು 1876ರಲ್ಲಿ, ದಂಡು ಪ್ರದೇಶದ ಬ್ರಿಟಿಷರ ಕಾಲದಲ್ಲಿ. ಹೈಗ್ರೌಂಡ್ಸ್‌ನ ಆ ಮೈದಾನ ಈಗ ನಗರದ ನಡುವೆ ಇಕ್ಕಟ್ಟಿನಲ್ಲಿದೆ. ಆ ಕಾಲದಲ್ಲಿ ಆಟಗಾರನ ಕೈಯಲ್ಲಿ ನಕ್ಷೆಯಿಲ್ಲ, ಅಳತೆಯಿಲ್ಲ. ದಕ್ಷಿಣದ ಒಣ ಊರುಗಳ ಎಷ್ಟೋ ಮೈದಾನಗಳಲ್ಲಿ ಕುಳಿಯ ಸುತ್ತ ಹುಲ್ಲೂ ಇರಲಿಲ್ಲ. ಮರಳಿಗೆ ಎಣ್ಣೆ ಬೆರೆಸಿ ಹದ ಮಾಡಿದ ನೆಲವದು. ಗ್ರೀನ್ ಎನ್ನುವ ಬದಲು ಬ್ರೌನ್ ಎನ್ನುತ್ತಿದ್ದರು. ದೂರವನ್ನು ಕಣ್ಣಂದಾಜಿನಲ್ಲೇ ತೂಗಬೇಕಿತ್ತು. ಆ ಅಂದಾಜು ಇದ್ದದ್ದು ಚೀಲ ಹೊತ್ತು ಜೊತೆಗೆ ನಡೆಯುತ್ತಿದ್ದ ಕ್ಯಾಡಿಯ ತಲೆಯಲ್ಲಿ. ಅದೇ ನೆಲವನ್ನು ಬಿಸಿಲಲ್ಲೂ ಮಳೆಯಲ್ಲೂ ದಿನಕ್ಕೆರಡು ಬಾರಿ ತುಳಿದ ಹುಡುಗನಿಗೆ ಯಾವ ಮರದ ಹತ್ತಿರದಿಂದ ಯಾವ ಕೋಲು ಎಂಬುದು ಬಾಯಿಪಾಠ. ಈ ವಿದ್ಯೆಯ ಮೊದಲ ಗ್ರಂಥ ಆ ಹುಡುಗನೇ. ಬರೆದಿಡದ ಕಾರಣಕ್ಕೆ ಅವನ ಹೆಸರು ಚರಿತ್ರೆಯಲ್ಲಿಲ್ಲ ಎಂಬುದು ನನಗೆ ನೋವಿನ ಸಂಗತಿ.

ಹೊರಗಿನ ಜಗತ್ತಿನಲ್ಲಿ ಎರಡು ಘಟನೆಗಳು ಈ ವಿದ್ಯೆಗೆ ತಿರುವು ಕೊಟ್ಟವು. 1953ರಲ್ಲಿ ಅಮೆರಿಕದ ಬೆನ್ ಹೋಗನ್ ಸ್ಕಾಟ್‌ಲೆಂಡಿನ ಕಾರ್ನೂಸ್ಟಿಯಲ್ಲಿ ನಡೆಯಲಿದ್ದ ಬ್ರಿಟಿಷ್ ಓಪನ್‌ಗೆ ಸುಮಾರು ಎರಡು ವಾರ ಮುಂಚೆಯೇ ಬಂದಿಳಿದ. ಸಂಜೆ ಹೊತ್ತು ಮೈದಾನದಲ್ಲಿ ಹಿಮ್ಮುಖವಾಗಿ, ಕುಳಿಯಿಂದ ಟೀ ಕಡೆಗೆ ನಡೆಯುತ್ತಿದ್ದನೆಂದು ಹೇಳುತ್ತಾರೆ. ಆ ನಡಿಗೆಯಲ್ಲಿ ಇಡೀ ತಂತ್ರ ಅಡಗಿದೆ. ಕುಳಿಯ ಹತ್ತಿರ ನಿಂತು ಹಿಂದಕ್ಕೆ ನೋಡಿದಾಗ, ಕೊನೆಯ ಹೊಡೆತ ಎಲ್ಲಿಂದ ಸುಲಭ ಎಂಬುದು ಕಾಣುತ್ತದೆ. ಆ ಜಾಗಕ್ಕೆ ಬರಲು ಅದರ ಹಿಂದಿನ ಹೊಡೆತ ಎಲ್ಲಿ ಬೀಳಬೇಕು ಎಂಬುದು ತಾನಾಗಿ ತಿಳಿಯುತ್ತದೆ. ಟೀ ಮೇಲೆ ನಿಂತವನಿಗೆ ಕಾಣುವುದು ಅಗಲವಾದ ಹಸಿರು, ಕುಳಿಯ ಬಳಿ ನಿಂತವನಿಗೆ ಕಾಣುವುದು ಒಂದೇ ಒಂದು ಒಳ್ಳೆಯ ದಾರಿ. ಹೋಗನ್ ಆ ಓಪನ್ ಗೆದ್ದ.

ಎರಡನೆಯದು ಅಳತೆ. ಜೀನ್ ಆಂಡ್ರ್ಯೂಸ್ ಎಂಬ ಅಮೆರಿಕದ ಹವ್ಯಾಸಿ ಆಟಗಾರ 1950ರ ದಶಕದಲ್ಲಿ ಹೆಜ್ಜೆ ಹಾಕಿ ದೂರ ಅಳೆದು ಬರೆದಿಟ್ಟುಕೊಳ್ಳುತ್ತಿದ್ದ. ಅವನಿಂದ ಇನ್ನೊಬ್ಬ ಆಟಗಾರ ಡೀನ್ ಬೀಮನ್ ಕಲಿತ. ಬೀಮನ್ 1961ರಲ್ಲಿ ಪೆಬಲ್ ಬೀಚ್‌ನಲ್ಲಿ ಜ್ಯಾಕ್ ನಿಕ್ಲಾಸ್‌ಗೆ ಹೇಳಿಕೊಟ್ಟ. ನಿಕ್ಲಾಸ್ ಆ ವರ್ಷದ ಅಮೆರಿಕ ಹವ್ಯಾಸಿ ಪಟ್ಟ ಗೆದ್ದ ಮೇಲೆ ದೂರ ಬರೆದಿಟ್ಟ ಪುಸ್ತಕ ಎಲ್ಲರ ಜೇಬಿಗೂ ಬಂತು. ಈ ಬಂಡೆಯಿಂದ ಗ್ರೀನಿನ ಅಂಚಿಗೆ ಇಷ್ಟು ಗಜ, ಆ ಬಂಕರ್ ದಾಟಲು ಇಷ್ಟು ಗಜ. ಕ್ಯಾಡಿಯ ತಲೆಯಲ್ಲಿದ್ದದ್ದು ಕಾಗದಕ್ಕಿಳಿಯಿತು.

ಕರ್ನಾಟಕ ಗಾಲ್ಫ್ ಅಸೋಸಿಯೇಷನ್ ಸ್ಥಾಪನೆಯಾದದ್ದು 1973ರಲ್ಲಿ. ದೊಮ್ಮಲೂರಿನ ಹತ್ತಿರದ ಅದರ ಮೈದಾನದ ವಿನ್ಯಾಸಕ್ಕೆ ಬಂದವರು ಐದು ಬಾರಿ ಬ್ರಿಟಿಷ್ ಓಪನ್ ಗೆದ್ದ ಆಸ್ಟ್ರೇಲಿಯಾದ ಪೀಟರ್ ಥಾಮ್ಸನ್. 1964ರಲ್ಲಿ ಇಂಡಿಯನ್ ಓಪನ್ ಶುರುವಾದಾಗ ಅದನ್ನು ಮೊದಲು ಗೆದ್ದವರೂ ಅವರೇ. ಮೈದಾನ ಎದ್ದು ನಿಂತದ್ದು ಚಲ್ಲಘಟ್ಟ ಕೆರೆಯ ಅಂಗಳದಲ್ಲಿ. ಬಯಲುಸೀಮೆಯಲ್ಲಿ ಹುಟ್ಟಿ ಕೆರೆಯ ನೀರು ಕುಡಿದು ಬೆಳೆದ ನನಗೆ, ಒಂದು ಕೆರೆ ಆಟದ ಬಯಲಾದದ್ದನ್ನು ಸಂಕಟವಿಲ್ಲದೆ ಬರೆಯಲು ಆಗುವುದಿಲ್ಲ. ಆದರೂ ಆಟದ ದೃಷ್ಟಿಯಿಂದ ಆ ಮೈದಾನ ಒಳ್ಳೆಯ ಗುರು. 2012ರ ಇಂಡಿಯನ್ ಓಪನ್ ಅಲ್ಲೇ ನಡೆದು ಥಾಯ್ಲೆಂಡಿನ ಥಾವೊರ್ನ್ ವಿರಾಚಂತ್ ಗೆದ್ದರು.

ನಮ್ಮ ನೆಲಕ್ಕೇ ಸೇರಿದ ಕೆಲವು ಲೆಕ್ಕಗಳನ್ನು ವಿಲಾಯಿತಿ ಪುಸ್ತಕಗಳು ಹೇಳಿಕೊಡಲಾರವು. ಮೊದಲನೆಯದು ಹುಲ್ಲು. ಬಿಸಿ ಪ್ರದೇಶದ ಗ್ರೀನುಗಳಲ್ಲಿ ಬೆಳೆಸುವ ಬರ್ಮುಡಾ ಹುಲ್ಲೆಂದರೆ ಬೇರೇನಲ್ಲ, ನಾವು ಗಣಪತಿಗೆ ಏರಿಸುವ ಗರಿಕೆಯ ಜಾತಿಯೇ. ಟಿಫ್‌ಡ್ವಾರ್ಫ್‌ನಂಥ ತಳಿಗಳು ಗರಿಕೆಗೂ ಅದರ ಆಫ್ರಿಕದ ನೆಂಟನಿಗೂ ಹುಟ್ಟಿದ ಮಿಶ್ರತಳಿಗಳು. ಗರಿಕೆ ನೆಲಕ್ಕಂಟಿ ಒಂದು ದಿಕ್ಕಿಗೆ ಹಬ್ಬುವ ಹುಲ್ಲು. ಅದು ಒರಗಿದ ದಿಕ್ಕಿನಲ್ಲಿ ಪಟ್, ಅಂದರೆ ಕುಳಿಯ ಕಡೆ ಉರುಳಿಸುವ ಹೊಡೆತ, ಹೊಡೆದರೆ ಚೆಂಡು ಜಾರಿಕೊಂಡು ಓಡುತ್ತದೆ. ಎದುರು ದಿಕ್ಕಿಗೆ ಹೊಡೆದರೆ ತಡವರಿಸಿ ನಿಲ್ಲುತ್ತದೆ. ನಿಂತಲ್ಲಿಂದ ನೋಡಿದಾಗ ಹುಲ್ಲು ಹೊಳೆದರೆ ಅದು ನಮ್ಮಿಂದಾಚೆ ಒರಗಿದೆ, ಕಪ್ಪಗೆ ಕಂಡರೆ ನಮ್ಮ ಕಡೆಗೆ. ಕುಳಿಯ ಒಂದು ಅಂಚು ಸವೆದು, ಇನ್ನೊಂದು ಅಂಚು ಚೊಕ್ಕವಾಗಿದ್ದರೆ ಸವೆದ ಕಡೆಗೆ ಹುಲ್ಲು ಒರಗಿದೆ ಎಂದರ್ಥ. ದನ ಕಾಯುವಾಗ ಗರಿಕೆಯ ಮೇಲೆ ಮಲಗಿ ಬೆಳೆದವರಿಗೆ ಇದು ಹೊಸ ವಿಷಯವಲ್ಲ.

ಎರಡನೆಯದು ಎತ್ತರ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿದೆ. ತೆಳು ಗಾಳಿಯಲ್ಲಿ ಚೆಂಡು ಶೇ. 3ರಿಂದ 4ರಷ್ಟು ಹೆಚ್ಚು ದೂರ ಹೋಗುತ್ತದೆ. ಚೆನ್ನೈನಲ್ಲಿ 150 ಗಜ ಹೋಗುವ ಕೋಲು ಇಲ್ಲಿ 155 ಗಜ ದಾಟೀತು. ಐದು ಗಜವೆಂದರೆ ಗ್ರೀನಿಗೂ ಅದರ ಹಿಂದಿನ ಬಂಕರಿಗೂ ಇರುವ ವ್ಯತ್ಯಾಸ. ಮೂರನೆಯದು ಗಾಳಿ. ಆಷಾಢದಲ್ಲಿ ಪಡುವಣದಿಂದ ಬೀಸುವ ಗಾಳಿ, ಚಳಿಗಾಲಕ್ಕೆ ಮೂಡಣದಿಂದ ಬೀಸುತ್ತದೆ. ಜುಲೈನಲ್ಲಿ ಬೆನ್ನಿಗೆ ಗಾಳಿ ಸಿಕ್ಕಿದ ಹೋಲ್ ಜನವರಿಯಲ್ಲಿ ಎದೆಗೆ ಗಾಳಿ ಕೊಡುತ್ತದೆ. ಮಳೆಗಾಲದಲ್ಲಿ ಬಿದ್ದ ಚೆಂಡು ಉರುಳದೆ ಅಲ್ಲೇ ಕೂರುತ್ತದೆ. ಪಂದ್ಯ ಯಾವ ತಿಂಗಳಲ್ಲಿದೆಯೆಂದು ನೋಡದೆ ಬರೆದ ಯೋಜನೆ ಅರ್ಧ ಯೋಜನೆ.

ಇನ್ನು ಅಂಕಿಯ ಕಾಲ. ಅಮೆರಿಕದ ಪಿಜಿಎ ಟೂರ್ ಪ್ರತಿಯೊಬ್ಬನ ಪ್ರತಿಯೊಂದು ಹೊಡೆತವನ್ನೂ ಲೇಸರಿನಿಂದ ಅಳೆದು ದಾಖಲಿಸತೊಡಗಿತು. ಆ ರಾಶಿಯನ್ನು ಜಾಲಿಸಿದವರು ಕೊಲಂಬಿಯಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಮಾರ್ಕ್ ಬ್ರಾಡಿ. ಯಾವ ಜಾಗದಿಂದ ಸರಾಸರಿ ಎಷ್ಟು ಹೊಡೆತ ಬೇಕು ಎಂದು ಕಂಡುಕೊಂಡರೆ, ಪ್ರತಿ ಹೊಡೆತ ಎಷ್ಟು ಗಳಿಸಿತು, ಎಷ್ಟು ಕಳೆಯಿತು ಎಂದು ಲೆಕ್ಕ ಹಾಕಬಹುದು. 2011ರಲ್ಲಿ ಪಿಜಿಎ ಟೂರ್ ಪಟ್ಟಿಂಗಿಗೆ ಈ ಅಳತೆಯನ್ನು ಅಧಿಕೃತವಾಗಿ ತೆಗೆದುಕೊಂಡಿತು. 2014ರಲ್ಲಿ ಬ್ರಾಡಿ ಅವರ ಪುಸ್ತಕ ಬಂತು. ಎಂಟು ಅಡಿಯ ಪಟ್ಟನ್ನು ಜಗತ್ತಿನ ಶ್ರೇಷ್ಠರೂ ಅರ್ಧದಷ್ಟು ಸಲ ಮಾತ್ರ ಹಾಕುತ್ತಾರೆಂದು, 33 ಅಡಿಯಿಂದ ಸರಾಸರಿ ಎರಡು ಹೊಡೆತ ಬೇಕೆಂದು ಗೊತ್ತಾಯಿತು. ಮೇಲ್ದರ್ಜೆಯವರನ್ನು ಉಳಿದವರಿಂದ ಬೇರ್ಪಡಿಸುವ ಅಂತರದಲ್ಲಿ ಸುಮಾರು ಶೇ. 40 ಭಾಗ ಗ್ರೀನಿಗೆ ಹೊಡೆಯುವ ದೂರದ ಹೊಡೆತಗಳದ್ದು, ಪಟ್ಟಿಂಗಿನ ಪಾಲು ಶೇ. 15 ಮಾತ್ರ. ಪಟ್ಟಿಂಗೇ ಆಟದ ಜೀವಾಳ ಎಂದು ತಲೆಮಾರುಗಳಿಂದ ನಂಬಿದವರಿಗೆ ಇದು ದೊಡ್ಡ ಆಘಾತ.

ಇದರಿಂದ ಬಂದ ಮುಖ್ಯ ಪಾಠವನ್ನು ನಮ್ಮ ಕಡೆಯ ಮಾತಿನಲ್ಲಿ ಹೇಳುತ್ತೇನೆ. ಗಾಲ್ಫ್ ಹೊಡೆತ ಕೂರಿಗೆಯಲ್ಲಿ ಬಿತ್ತಿದ ಸಾಲಲ್ಲ, ಕೈಯಲ್ಲಿ ಚೆಲ್ಲಿದ ರಾಗಿ. ಒಂದೇ ಕೋಲಿನಿಂದ ಐವತ್ತು ಚೆಂಡು ಹೊಡೆದರೆ ಅವು ಎಡಕ್ಕೂ ಬಲಕ್ಕೂ ಹರಡಿ ಬೀಳುತ್ತವೆ. ನಿಪುಣರ ಹೊಡೆತವೂ 150-175 ಗಜದಿಂದ ಕುಳಿಗೆ ಸರಾಸರಿ 28 ಅಡಿ ದೂರದಲ್ಲಿ ನಿಲ್ಲುತ್ತದೆ. ಬಾವುಟ ಗ್ರೀನಿನ ಬಲಅಂಚಿನಲ್ಲಿದೆ, ಅದರಾಚೆ ನೀರಿದೆ ಎನ್ನಿ. ಬಾವುಟಕ್ಕೇ ಗುರಿಯಿಟ್ಟರೆ ಚೆಲ್ಲಿದ ರಾಗಿಯಲ್ಲಿ ಒಂದು ಪಾಲು ಕೆರೆಗೆ ಹೋಯಿತು. ಗುರಿಯನ್ನು ನಡುವಿನ ಕಡೆ ಸರಿಸಿದರೆ ಇಡೀ ಹರಹು ಹಸಿರಿನ ಮೇಲೆ ಉಳಿಯುತ್ತದೆ. ಅಡಿ ಲೆಕ್ಕದಲ್ಲಿ ಕಳೆದುಕೊಂಡದ್ದು ಕೊಂಚ, ದಂಡದ ಹೊಡೆತ ತಪ್ಪಿಸಿ ಗಳಿಸಿದ್ದು ಬಹಳ. ಟೈಗರ್ ವುಡ್ಸ್ ಹಾಯ್ಲೇಕ್ ಮೈದಾನದ 2006ರ ಬ್ರಿಟಿಷ್ ಓಪನ್‌ನಲ್ಲಿ ನಾಲ್ಕು ದಿನದಲ್ಲಿ ಒಂದೇ ಒಂದು ಸಲ ಡ್ರೈವರ್ ಎತ್ತಿದ. ಹೆಚ್ಚಾಗಿ ಬಂಕರುಗಳಿಗೆ ತಲುಪದ ಐರನ್ ಕೋಲುಗಳಲ್ಲಿ ಆಡಿ ಗೆದ್ದ. ಅದರ ಹಿಂದಿದ್ದದ್ದೂ ಇಂಥದೇ ವಿವೇಕ.

ಇಷ್ಟೆಲ್ಲ ಗಣಿತ ಕೊನೆಗೆ ಬಂದು ನಿಂತದ್ದು ಎಲ್ಲಿ? ನಡುವಿಗೆ ಹೊಡೆಯಿರಿ, ನೀರಿನ ಕಡೆ ಬೇಡ, ಮೇಲಿಂದ ಕೆಳಗೆ ಪಟ್ ಉಳಿಸಿಕೊಳ್ಳಬೇಡಿ ಎಂದು ಅನುಭವಿ ಕ್ಯಾಡಿಗಳು ಹೇಳಿಕೊಂಡು ಬಂದ ಮಾತಿಗೆ. ಅಂಕಿ ಅವರನ್ನು ಸುಳ್ಳಾಗಿಸಲಿಲ್ಲ, ಎಷ್ಟು ಸರಿಯಿದ್ದರೆಂದು ತೂಗಿ ತೋರಿಸಿತು. ನಿಯಮಗಳೂ ಅವರ ತೂಕವನ್ನು ಒಪ್ಪಿಕೊಂಡಿವೆ: ಪಂದ್ಯದ ನಡುವೆ ಆಟಗಾರ ಸಲಹೆ ಕೇಳಬಹುದಾದದ್ದು ತನ್ನ ಕ್ಯಾಡಿಯನ್ನು ಮಾತ್ರ. ಬೆಂಗಳೂರಿನಲ್ಲಿ ಕ್ಯಾಡಿಯಾಗಿ ಬದುಕು ಶುರುಮಾಡಿದ ಸಿ. ಮುನಿಯಪ್ಪ 2009ರಲ್ಲಿ ಗುರುಗ್ರಾಮದಲ್ಲಿ ಪ್ಲೇಆಫ್ ಆಡಿ ಇಂಡಿಯನ್ ಓಪನ್ ಗೆದ್ದಾಗ, ಬರೆಯದೆ ಉಳಿದಿದ್ದ ಆ ಗ್ರಂಥವೇ ಎದ್ದು ನಿಂತು ಬಹುಮಾನ ತೆಗೆದುಕೊಂಡಿತೆಂದು ನಾನು ಭಾವಿಸುತ್ತೇನೆ. ಬಿಡದಿ ಹತ್ತಿರದ ಹಳ್ಳಿಯ ಚಿಕ್ಕರಂಗಪ್ಪ ಕೂಡ ಪಕ್ಕದ ಮೈದಾನದಲ್ಲಿ ಕ್ಯಾಡಿಯಾಗಿ ಶುರುಮಾಡಿ ವೃತ್ತಿಪರ ಆಟಗಾರರಾದವರು.

ಉಪಕರಣ ಹೆಚ್ಚಿದಂತೆ ಅಂಕುಶವೂ ಬಂತು. 2019ರಿಂದ ದೂರಮಾಪಕಕ್ಕೆ ಸಾಮಾನ್ಯ ಒಪ್ಪಿಗೆಯಿದೆ, ಆದರೆ ಅದು ಏರಿಳಿತದ ಲೆಕ್ಕ ಹೇಳುವಂತಿಲ್ಲ. ಅದೇ ವರ್ಷ ಗ್ರೀನಿನ ಇಳಿಜಾರು ತೋರಿಸುವ ನಕ್ಷೆಗಳನ್ನು ಐದು ಗಜಕ್ಕೆ 3/8 ಇಂಚಿಗಿಂತ ದೊಡ್ಡದಾಗಿ ಬರೆಯಬಾರದೆಂದಾಯಿತು. 2022ರಿಂದ ಮೇಲ್ಮಟ್ಟದ ಪಂದ್ಯಗಳು ಅಂಥ ವಿವರದ ಪುಸ್ತಕಗಳನ್ನೇ ದೂರವಿಡಲು ಸ್ಥಳೀಯ ನಿಯಮ ಬಂತು. ಆಟಗಾರ ನಿಲುವು ಹೂಡುವಾಗ ಕ್ಯಾಡಿ ಬೆನ್ನ ಹಿಂದೆ ನಿಂತು ಗುರಿ ಸರಿಪಡಿಸುವಂತೆಯೂ ಇಲ್ಲ. ನೆಲವನ್ನು ಓದುವುದು ಆಟದ ಒಂದು ಅಂಗ, ಅದನ್ನು ಕಾಗದಕ್ಕೆ ಒಪ್ಪಿಸಬಾರದು ಎಂಬ ಈ ನಿಲುವು ನನಗೆ ಪೂರ್ತಿ ಒಪ್ಪಿಗೆ.

ಯೋಜನೆ ಎಂದರೇನು ಎಂಬುದಕ್ಕೆ ನಮ್ಮ ಕಾಲದ ದೊಡ್ಡ ಉದಾಹರಣೆ ಬೆಂಗಳೂರಿನ ಅದಿತಿ ಅಶೋಕ್. ಟೋಕಿಯೋ ಒಲಿಂಪಿಕ್ಸ್‌ಗೆ ಹೋದಾಗ ಅವರ ವಿಶ್ವ ಶ್ರೇಯಾಂಕ 200. ಜೊತೆಗಾರ್ತಿಯರ ಚೆಂಡು ಅವರ ಚೆಂಡಿಗಿಂತ ಬಹಳ ಮುಂದೆ ಬೀಳುತ್ತಿತ್ತು. ಜೊತೆಗಾರ್ತಿಯರು ಸಣ್ಣ ಐರನ್ ಹಿಡಿದಾಗ ಅದಿತಿ ಉದ್ದದ ಕೋಲು ಹಿಡಿಯಬೇಕಿತ್ತು. ತನಗಿಲ್ಲದ ಬಲಕ್ಕೆ ಕೈಚಾಚದೆ, ತಪ್ಪಬಾರದ ಕಡೆ ತಪ್ಪದೆ, ಪಟ್ಟಿಂಗಿನಿಂದ ಗಳಿಸುತ್ತ ಅವರು ಪಂದ್ಯ ನಡೆದ ಕಸುಮಿಗಾಸೆಕಿಯಲ್ಲಿ ಪಾರ್‌ಗಿಂತ, ಅಂದರೆ ಮೈದಾನಕ್ಕೆ ನಿಗದಿಯಾದ ಹೊಡೆತಗಳಿಗಿಂತ, 15 ಹೊಡೆತ ಕೆಳಗೆ ಮುಗಿಸಿದರು. ಒಂದು ಹೊಡೆತದಿಂದ ಪದಕ ತಪ್ಪಿ ನಾಲ್ಕನೆಯವರಾದರು. ಚೀಲ ಹೊತ್ತಿದ್ದು ತಾಯಿ. ಅದರ ಹಿಂದಿನ ರಿಯೋ ಒಲಿಂಪಿಕ್ಸ್‌ನಲ್ಲಿ ತಂದೆ ಹೊತ್ತಿದ್ದರು. 2023ರ ಅಕ್ಟೋಬರ್ 1ರಂದು ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದ ಕೊನೆಯ ಸುತ್ತಿಗೆ ಅವರು ಏಳು ಹೊಡೆತಗಳ ಮುನ್ನಡೆಯಲ್ಲಿ ಇಳಿದರು. ಆ ದಿನ 77 ಹೊಡೆತ ಬಂತು, ಚಿನ್ನ ಥಾಯ್ಲೆಂಡಿಗೆ ಹೋಯಿತು, ಅದಿತಿಗೆ ಬೆಳ್ಳಿ. ಏಷ್ಯನ್ ಕೂಟದ ಗಾಲ್ಫ್‌ನಲ್ಲಿ ಭಾರತದ ಮಹಿಳೆಗೆ ಬಂದ ಮೊದಲ ಪದಕ ಅದು. ಮೂರು ದಿನ ಮೈದಾನ ಮಾತು ಕೇಳಿ, ನಾಲ್ಕನೆಯ ದಿನ ಕೇಳದೇ ಹೋಗುವುದು ಈ ಆಟದಲ್ಲಿ ಉಂಟು.

ಪಂದ್ಯದ ಬೆಳಗ್ಗೆ ಕುಳಿಗಳನ್ನು ಹೊಸ ಜಾಗದಲ್ಲಿ ಕೊರೆದಿರುತ್ತಾರೆ. ಆಟಗಾರರು ಮೈ ಬಿಸಿ ಮಾಡಿಕೊಳ್ಳುತ್ತಿರುವಾಗ ಕ್ಯಾಡಿಗಳು ಇಬ್ಬನಿಯಲ್ಲೇ ಹೊರಟು, ಗ್ರೀನಿನ ಅಂಚಿನಿಂದ ಬಾವುಟದವರೆಗೆ ಹೆಜ್ಜೆ ಎಣಿಸಿ, ಸೀಸದ ಕಡ್ಡಿಯಲ್ಲಿ ಗುರುತು ಹಾಕಿಕೊಳ್ಳುತ್ತಾರೆ. ಬಾವುಟದ ಬಳಿ ಒಂದು ಗಳಿಗೆ ನಿಂತು, ತಿರುಗಿ, ಬಂದ ದಾರಿಯ ಕಡೆ ನೋಡುತ್ತಾರೆ.